ಕ್ರೀಮ್ ಇಲ್ಲದೆ ಕೆನೆಗಟ್ಟಿದ ಚಿಕನ್ ಎಂಚಿಲಾಡಾ: ನಮ್ಮ ಅಡುಗೆಮನೆಗೆ ಹೊಂದುವ ಹಗುರ ಕ್ರಮ

ಆಟಿ ತಿಂಗಳ ಮಳೆ ಹಿಡಿದರೆ ನಮ್ಮ ಕಾಸರಗೋಡಿನಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಶಾರ್ಜಾದಿಂದ ಶಾಲೆ ರಜೆಗೆ ಬಂದಿದ್ದ ತಮ್ಮನ ಮಗಳು ಜಗಲಿಯಲ್ಲಿ ಕೂತು ಬೇಜಾರಾಗಿ ಕೇಳಿದಳು, "ಅತ್ತೆ, ಎಂಚಿಲಾಡಾ ಮಾಡ್ತೀರಾ?" ಒಳಗಿನಿಂದ ಅಮ್ಮ, "ಎಂಚಿನ?" ಅಂದರು. ತುಳುವಿನಲ್ಲಿ ಎಂಚಿನ ಅಂದರೆ ಏನು ಅಂತ. ಅವತ್ತಿನಿಂದ ನಮ್ಮ ಮನೆಯಲ್ಲಿ ಈ ತಿಂಡಿಗೆ ಅದೇ ಹೆಸರು.

ಹುಡುಗಿಗೆ ಬೇಕಾದದ್ದು ಬಿಳಿ ಸಾಸ್ ಸುರಿದ, ಮೇಲೆ ಚೀಸ್ ಕರಗಿದ ಕೆನೆಕೆನೆ ಎಂಚಿಲಾಡಾ. ಅಮ್ಮನಿಗೆ ಡಾಕ್ಟರು ಬೆಣ್ಣೆ, ತುಪ್ಪ ಕಡಿಮೆ ಮಾಡಿ ಅಂದಿದ್ದಾರೆ. ಇಬ್ಬರಿಗೆ ಎರಡು ಅಡುಗೆ ಮಾಡುವುದು ನನಗೆ ಇಷ್ಟವಿಲ್ಲ. ಒಂದೇ ಟ್ರೇಯಿಂದ ಇಬ್ಬರೂ ಹೊಟ್ಟೆ ತುಂಬಾ ತಿನ್ನಬೇಕು. ಆ ರಜೆ ಮುಗಿಯುವುದರೊಳಗೆ ನಾಲ್ಕು ಸಲ ಮಾಡಿ, ತಿದ್ದಿ, ಕೊನೆಗೆ ನಿಂತ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಇದು ಯಾವ ತಿಂಡಿ

ಎಂಚಿಲಾಡಾ ಮೆಕ್ಸಿಕೋದ್ದು. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ 'ಮೆಣಸು ಹಚ್ಚಿದ್ದು' ಎಂದೇ ಅರ್ಥ. ಟೋರ್ಟಿಯಾ ಎನ್ನುವ ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮೆಣಸಿನ ಸಾಸಿನಲ್ಲಿ ಅದ್ದಿ, ಒಳಗೆ ಕೋಳಿಯನ್ನೋ ಚೀಸನ್ನೋ ಇಟ್ಟು ಸುತ್ತುತ್ತಾರೆ. ಕ್ರೀಮ್, ಚೀಸ್ ಹಾಕಿದ ಬಗೆಗೆ ಅಲ್ಲಿ 'ಎಂಚಿಲಾಡಾಸ್ ಸುಯಿಸಾಸ್' ಅನ್ನುತ್ತಾರೆ. ಸುಯಿಸಾಸ್ ಅಂದರೆ ಸ್ವಿಸ್. ಹಾಲು, ಕೆನೆ, ಚೀಸ್ ಅಂದ ಕೂಡಲೇ ಸ್ವಿಟ್ಜರ್ಲೆಂಡ್ ನೆನಪಾಗುತ್ತದಲ್ಲ, ಅದಕ್ಕೆ ಆ ಹೆಸರು. ಅಮೆರಿಕದ ಮನೆಗಳಲ್ಲಿ ಇದನ್ನೇ ಇನ್ನೂ ದಪ್ಪ ಮಾಡಿದರು. ಬೆಣ್ಣೆಯಲ್ಲಿ ಮೈದಾ ಹುರಿದು, ಸಾರ್ ಕ್ರೀಮ್ ಎನ್ನುವ ಹುಳಿ ಕೆನೆ ಒಂದು ಬಟ್ಟಲು ಸುರಿದು, ಒಳಗೂ ಹೊರಗೂ ಚೀಸ್ ತುಂಬುತ್ತಾರೆ.

ನಮಗೆ ಇದು ಅಷ್ಟೇನೂ ದೂರದ್ದಲ್ಲ. ರೊಟ್ಟಿಯ ಮೇಲೆ ಕೋಳಿ ಸಾರು ಸುರಿದು, ಅದು ನೆನೆದು ಮೆತ್ತಗಾಗುವುದನ್ನು ಕಾದು ತಿನ್ನುವವರು ನಾವು. ಕೋರಿ ರೊಟ್ಟಿ ಗೊತ್ತಿದ್ದವರಿಗೆ ಎಂಚಿಲಾಡಾದ ಅರ್ಧ ಪಾಠ ಆದ ಹಾಗೆ.

ಭಾರ ಎಲ್ಲಿಂದ ಬರುತ್ತದೆ

ಹಗುರ ಮಾಡಲು ಹೊರಟವರು ಮೊದಲು ಕೋಳಿ ಕಡಿಮೆ ಮಾಡುತ್ತಾರೆ. ಅದು ತಪ್ಪು. ಚರ್ಮ ತೆಗೆದ ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಭಾರ ಇರುವುದು ಮೂರು ಕಡೆ, ಬೆಣ್ಣೆ, ಸಾರ್ ಕ್ರೀಮ್ ಮತ್ತು ಚೀಸ್. 8 ಸುರುಳಿಗಳ ಒಂದು ಟ್ರೇಗೆ ನಾನು ಹಾಕಿದ ಲೆಕ್ಕ ಹೀಗಿದೆ. ದಪ್ಪ ಕ್ರಮದಲ್ಲಿ 60 ಗ್ರಾಂ ಬೆಣ್ಣೆ ಅಂದರೆ ಸುಮಾರು 48 ಗ್ರಾಂ ಕೊಬ್ಬು. 250 ಗ್ರಾಂ ಸಾರ್ ಕ್ರೀಮಿನಲ್ಲಿ 50 ಗ್ರಾಂ. 200 ಗ್ರಾಂ ಚೀಸಿನಲ್ಲಿ ಇನ್ನೊಂದು 50. ಒಟ್ಟು 148 ಗ್ರಾಂ.

ನಮ್ಮ ಕ್ರಮದಲ್ಲಿ ಟೋನ್ಡ್ ಹಾಲಿನ ಅರ್ಧ ಕಿಲೋ ಮೊಸರಿನಿಂದ 15 ಗ್ರಾಂ, 60 ಗ್ರಾಂ ಚೀಸಿನಿಂದ 15 ಗ್ರಾಂ, 3 ಸಣ್ಣ ಚಮಚ ಎಣ್ಣೆಯಿಂದ 14 ಗ್ರಾಂ, ಅರ್ಧ ಕಪ್ ಹಾಲಿನಿಂದ 4 ಗ್ರಾಂ. ಒಟ್ಟು 48. ಮೂರರಲ್ಲಿ ಒಂದು ಪಾಲು ಅಷ್ಟೆ.

ಕೊಬ್ಬು ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಮಾತ್ರ ಆಸ್ಪತ್ರೆ ಊಟದ ಹಾಗೆ ಸಪ್ಪೆ ಆಗುತ್ತದೆ. ಆ ಜಾಗಕ್ಕೆ ಬರಬೇಕಾದದ್ದು ಮೂಳೆಯ ರಸ ಇಳಿದ ಗಟ್ಟಿ ಸ್ಟಾಕ್, ಸುಟ್ಟ ಮೆಣಸಿನ ಪರಿಮಳ, ನೀರು ಬಸಿದ ಮೊಸರು. ಈ ಮೂರರಲ್ಲಿ ಯಾವುದನ್ನೂ ಅವಸರದಲ್ಲಿ ಮಾಡಬೇಡಿ.

ಏನೇನು ಬೇಕು

ನಾಲ್ಕು ಜನರಿಗೆ, ತಲಾ ಎರಡು ಸುರುಳಿಯ ಲೆಕ್ಕ. ಕಪ್ ಅಂದರೆ 240 ಮಿಲಿ.

ಕೋಳಿಗೆ: ಮೂಳೆ ಸಮೇತ, ಚರ್ಮ ತೆಗೆದ ಎದೆ ಭಾಗ 700 ಗ್ರಾಂ, ಒಂದು ಈರುಳ್ಳಿ, ಬೆಳ್ಳುಳ್ಳಿ 3 ಎಸಳು, ಕಾಳುಮೆಣಸು 6, ಉಪ್ಪು ಅರ್ಧ ಚಮಚ.

ರೊಟ್ಟಿಗೆ: ಮೆಕ್ಕೆಜೋಳದ ಹಿಟ್ಟು 1 ಕಪ್, ಗೋಧಿ ಹಿಟ್ಟು ಅರ್ಧ ಕಪ್, ಉಪ್ಪು, ಕುದಿಯುವ ನೀರು.

ಸಾಸಿಗೆ: ಟೋನ್ಡ್ ಹಾಲಿನ ಮೊಸರು ಅರ್ಧ ಕಿಲೋ, ಮೈದಾ 3 ದೊಡ್ಡ ಚಮಚ, ತಣ್ಣನೆ ಹಾಲು ಅರ್ಧ ಕಪ್, ಬಜ್ಜಿ ಮೆಣಸು 3, ಹಸಿಮೆಣಸು 1 ಅಥವಾ 2, ಬೆಳ್ಳುಳ್ಳಿ 3 ಎಸಳು, ಜೀರಿಗೆ ಪುಡಿ ಅರ್ಧ ಚಮಚ, ಕೊತ್ತಂಬರಿ ಸೊಪ್ಪು ಒಂದು ಹಿಡಿ.

ಒಳಗೆ ತುಂಬಲು ಒಂದು ಈರುಳ್ಳಿ, ಹಸಿರು ಹರಿವೆ ಸೊಪ್ಪು ಎರಡು ಹಿಡಿ, ಸಾಂಬ್ರಾಣಿ ಎಲೆ 2, ಅರ್ಧ ನಿಂಬೆಹಣ್ಣು. ಮೇಲಕ್ಕೆ ಚೀಸ್ 60 ಗ್ರಾಂ. ಎಲ್ಲಕ್ಕೂ ಸೇರಿ ಎಣ್ಣೆ 3 ಸಣ್ಣ ಚಮಚ.

ಹಿಟ್ಟು ತರುವಾಗ ಜೋಪಾನ. 'ಕಾರ್ನ್ ಫ್ಲೋರ್' ಅಂತ ಕೇಳಿದರೆ ಅಂಗಡಿಯವರು ಕೊಡುವುದು ಗೋಬಿ ಮಂಚೂರಿಗೆ ಹಾಕುವ ಬೆಳ್ಳಗಿನ ನಯ ಪುಡಿ. ಅದು ಬರೀ ಪಿಷ್ಟ. ಅದರಿಂದ ರೊಟ್ಟಿ ಆಗುವುದಿಲ್ಲ. ಇಲ್ಲಿ ಮಲಯಾಳದಲ್ಲಿ 'ಚೋಳಪ್ಪೊಡಿ' ಎಂದು ಕೇಳಿ, ಪೊಟ್ಟಣ ಕೈಗೆ ಬಂದ ಮೇಲೆ ಬಣ್ಣ ನೋಡಿ. ಹಳದಿಯಾಗಿದ್ದು, ಬೆರಳಲ್ಲಿ ಉಜ್ಜಿದರೆ ಸ್ವಲ್ಪ ತರಿ ಸಿಗಬೇಕು.

ಸಾಂಬ್ರಾಣಿ ಎಲೆ ಅಂದರೆ ದೊಡ್ಡಪತ್ರೆ, ಮಕ್ಕಳಿಗೆ ಶೀತ ಆದಾಗ ರಸ ಹಿಂಡುತ್ತೇವಲ್ಲ, ಅದೇ. ಮೆಕ್ಸಿಕೋದವರು ಹಾಕುವ ಒರೆಗಾನೋಗೂ ಇದಕ್ಕೂ ಪರಿಮಳದಲ್ಲಿ ನಂಟಿದೆ. ಕಾರ್ವಕ್ರಾಲ್ ಎನ್ನುವ ಎಣ್ಣೆಯಂಶ ಎರಡರಲ್ಲೂ ಇರುತ್ತದೆ. ಪಿಜ್ಜಾ ಜೊತೆ ಬಂದ ಒರೆಗಾನೋ ಪೊಟ್ಟಣ ಹುಡುಕುವ ಬದಲು ಬಾವಿಕಟ್ಟೆ ಪಕ್ಕದ ಕುಂಡದಿಂದ ಎರಡು ಎಲೆ ಚಿವುಟಿದರೆ ಸಾಕು. ಎರಡೇ ಎಲೆ. ಮೂರಾದರೆ ಕಷಾಯದ ವಾಸನೆ ಬರುತ್ತದೆ.

ಹಿಂದಿನ ರಾತ್ರಿ: ಮೊಸರು

ತೆಳು ಹತ್ತಿ ಬಟ್ಟೆಯಲ್ಲಿ ಮೊಸರು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿಡಿ. ಹೊರಗೆ ತೂಗು ಹಾಕಿದರೆ ನಮ್ಮ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿ ಏರಿರುತ್ತದೆ. ಅರ್ಧ ಕಿಲೋ ಮೊಸರಿನಿಂದ 200 ಗ್ರಾಂ ಮೇಲೆ ಗಟ್ಟಿ ಮೊಸರು ಸಿಗುತ್ತದೆ. ಬಸಿದ ನೀರನ್ನು ಚೆಲ್ಲಬೇಡಿ, ಮರುದಿನ ತಂಬುಳಿಗೆ ಆಗುತ್ತದೆ.

ಕೋಳಿ ಮತ್ತು ಸ್ಟಾಕ್

ಕೋಳಿಯನ್ನು 4 ಕಪ್ ತಣ್ಣೀರಿಗೆ ಹಾಕಿ. ಈರುಳ್ಳಿ ಎರಡು ಹೋಳು, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿಡಿ. ನೊರೆ ಬಂದರೆ ಸೌಟಿನಿಂದ ತೆಗೆಯಿರಿ. ನೀರು ಕೊತಕೊತ ಕುದಿಯಬಾರದು. ಅಂಚಿನಲ್ಲಿ ಗುಳ್ಳೆ ಎದ್ದು ಎದ್ದು ಒಡೆಯುತ್ತಿರಬೇಕು, ಅಷ್ಟೆ. ಜೋರು ಕುದಿಸಿದರೆ ಎದೆ ಮಾಂಸ ಹಗ್ಗದ ಹಾಗೆ ಬಿಗಿಯುತ್ತದೆ. 20ರಿಂದ 25 ನಿಮಿಷ ಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಮೂಳೆ ಹತ್ತಿರ ಸೀಳಿ ನೋಡಿ, ಎಲ್ಲೂ ಗುಲಾಬಿ ಬಣ್ಣ ಇರಬಾರದು.

ಮಾಂಸವನ್ನು ಹೊರಗೆ ತೆಗೆದು, ಕೈ ತಾಳುವಷ್ಟು ಬಿಸಿ ಇರುವಾಗಲೇ ಎಳೆ ಎಳೆಯಾಗಿ ಬಿಡಿಸಿ. ಮೂಳೆಗಳನ್ನು ಅದೇ ನೀರಿಗೆ ವಾಪಸ್ ಹಾಕಿ, ಈಗ ಉರಿ ಜೋರು ಮಾಡಿ, ಎರಡೂವರೆ ಕಪ್ ಆಗುವ ತನಕ ಬತ್ತಿಸಿ ಸೋಸಿ. ಬೆಣ್ಣೆ ಬಿಟ್ಟದ್ದು ಗೊತ್ತಾಗದಂತೆ ಮಾಡುವುದು ಈ ನೀರೇ. ಸಮಯ ಇದ್ದರೆ ತಣಿಸಿ, ಮೇಲೆ ಕಟ್ಟಿದ ಕೊಬ್ಬಿನ ಪದರ ತೆಗೆದುಬಿಡಿ. ನಮಗೆ ಬೇಕಾದದ್ದು ಒಂದೂವರೆ ಕಪ್. ಉಳಿದದ್ದಕ್ಕೆ ಕಾಳುಮೆಣಸು ಕುಟ್ಟಿ ಹಾಕಿ ಮಳೆ ನೋಡುತ್ತಾ ಕುಡಿಯಬಹುದು.

ರೊಟ್ಟಿ

ಮೆಕ್ಸಿಕೋದಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ತೊಳೆದು ರುಬ್ಬುತ್ತಾರೆ. ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣದ ಜಾತಿಯದೇ ಅದು. ಹಾಗೆ ಮಾಡಿದ ಹಿಟ್ಟು ತಾನಾಗಿ ಅಂಟಿಕೊಳ್ಳುತ್ತದೆ. ನಮಗೆ ಸಿಗುವ ಹಳದಿ ಹಿಟ್ಟು ಹಾಗೆ ಬೇಯಿಸದ ಒಣ ಮೆಕ್ಕೆಜೋಳ ಬೀಸಿದ್ದು. ಬರೀ ಅದರಲ್ಲಿ ರೊಟ್ಟಿ ಮಾಡಿ ಸುತ್ತಲು ಹೋದರೆ ಬಿಸಿಲಿಗೆ ಒಣಗಿದ ಗದ್ದೆಯ ಮಣ್ಣಿನಂತೆ ಬಿರಿಯುತ್ತದೆ. ಮೂರರಲ್ಲಿ ಒಂದು ಪಾಲು ಗೋಧಿ ಹಿಟ್ಟು ಸೇರಿಸುವುದು ಇದಕ್ಕೇ.

ಇನ್ನೊಂದು ಉಪಾಯ ನಮ್ಮೂರಿನಲ್ಲಿ ಪತ್ತಿರಿ ಎನ್ನುವ ತೆಳು ಅಕ್ಕಿ ರೊಟ್ಟಿ ಮಾಡುವವರದ್ದು. ಹಿಟ್ಟನ್ನು ಕುದಿಯುವ ನೀರಿನಲ್ಲೇ ಕಲಸಬೇಕು. ಮೆಕ್ಕೆಜೋಳದ ಹಿಟ್ಟಿಗೆ ಉಪ್ಪು ಹಾಕಿ, ಮುಕ್ಕಾಲು ಕಪ್ ಕುದಿಯುವ ನೀರು ಸುರಿದು, ಸೌಟಿನ ಹಿಡಿಯಲ್ಲಿ ತಿರುವಿ 10 ನಿಮಿಷ ಮುಚ್ಚಿಡಿ. ಆ ಬಿಸಿಗೆ ಹಿಟ್ಟು ಅರ್ಧ ಬೆಂದು ಅಂಟು ಬಿಡುತ್ತದೆ. ಆಮೇಲೆ ಗೋಧಿ ಹಿಟ್ಟು ಸೇರಿಸಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಗಟ್ಟಿ ಅನ್ನಿಸಿದರೆ ಬಿಸಿನೀರು ಒಂದೊಂದೇ ಚಮಚ ಕೊಡಿ. ಸಣ್ಣ ಉಂಡೆ ಮಾಡಿ ಬೆರಳಿನಿಂದ ಒತ್ತಿ ನೋಡಿ. ಅಂಚು ಬಿರಿಯದೆ ಅಗಲವಾದರೆ ಹದ ಸರಿ ಇದೆ.

8 ಉಂಡೆ ಮಾಡಿ. ಬಾಡಿಸಿದ ಬಾಳೆ ಎಲೆಯ ಎರಡು ತುಂಡುಗಳ ನಡುವೆ ಇಟ್ಟು, ರೊಟ್ಟಿ ಒತ್ತುವ ಪ್ರೆಸ್ಸಿನಲ್ಲೋ ಲಟ್ಟಣಿಗೆಯಲ್ಲೋ 15 ಸೆಂಟಿಮೀಟರ್ ಅಗಲ ಮಾಡಿ. ಕಾವಲಿ ಚೆನ್ನಾಗಿ ಕಾದಿರಲಿ. ಒಂದು ಬದಿ 40 ಸೆಕೆಂಡ್, ಮಗುಚಿ ಒಂದು ನಿಮಿಷ. ತೆಗೆದ ಕೂಡಲೇ ದಪ್ಪ ಬಟ್ಟೆಯೊಳಗೆ ಒಂದರ ಮೇಲೊಂದು ಮುಚ್ಚಿಡಿ. ತಮ್ಮದೇ ಹಬೆಯಲ್ಲಿ ಅವು ಮೆತ್ತಗಾಗುತ್ತವೆ. ಈ ಮುಚ್ಚಿಡುವುದನ್ನು ಬಿಟ್ಟರೆ ಎಷ್ಟು ಚಂದ ನಾದಿದ್ದರೂ ಪ್ರಯೋಜನವಿಲ್ಲ.

ಪೇಟೆಯಲ್ಲಿ ಸಿಗುವ ಟೋರ್ಟಿಯಾ ತಂದರೂ ನಡೆಯುತ್ತದೆ. ಪೊಟ್ಟಣದ ಹಿಂದೆ ಪಾಮ್ ಎಣ್ಣೆ ಎಷ್ಟಿದೆ ಅಂತ ಒಮ್ಮೆ ನೋಡಿ ತನ್ನಿ.

ಮೆಣಸು ಸುಡುವುದು

ಬಜ್ಜಿ ಮೆಣಸನ್ನು ನೇರ ಉರಿಯ ಮೇಲಿಟ್ಟು, ಸಿಪ್ಪೆ ಪೂರ್ತಿ ಕಪ್ಪಾಗುವ ತನಕ ತಿರುಗಿಸಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿ 10 ನಿಮಿಷ ಮುಚ್ಚಿ. ಆಮೇಲೆ ಕೈಯಿಂದ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ನಲ್ಲಿ ಕೆಳಗೆ ತೊಳೆಯಬೇಡಿ, ಸುಟ್ಟ ಪರಿಮಳ ನೀರಲ್ಲಿ ಹೋಗುತ್ತದೆ. ಬೀಜ ತೆಗೆದು ಹೆಚ್ಚಿಡಿ. ಗಾಂಧಾರಿ ಮೆಣಸು ಮನೆಯಲ್ಲಿದೆ ಅಂತ ಹಾಕಲು ಹೋಗಬೇಡಿ. ಅದರ ಖಾರ ಮೊಸರಿನ ರುಚಿಯನ್ನು ನುಂಗಿಬಿಡುತ್ತದೆ.

ಸಾಸ್: ಇಲ್ಲಿ ಗಮನ ಜಾಸ್ತಿ ಬೇಕು

ಮೊದಲ ಸಲ ನಾನು ಕುದಿಯುತ್ತಿದ್ದ ಸಾಸಿಗೆ ಫ್ರಿಜ್ಜಿನಿಂದ ತೆಗೆದ ಮೊಸರನ್ನು ಹಾಗೇ ಸುರಿದೆ. ಕಣ್ಣೆದುರೇ ಒಡೆಯಿತು. ಒಂದು ಕಡೆ ತರಿ, ಒಂದು ಕಡೆ ನೀರು. ಮಜ್ಜಿಗೆ ಹುಳಿಗೋ ಮೇಲಾರಕ್ಕೋ ಮಜ್ಜಿಗೆ ಹಾಕಿದ ಮೇಲೆ ಕುದಿಸಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಅದೇ ನಿಯಮ ಇಲ್ಲಿಗೂ ಅನ್ವಯ. ಮೊಸರಿನಲ್ಲಿ ಹುಳಿ ಇದೆ, ಕೊಬ್ಬು ಕಡಿಮೆ ಇದೆ. ಜೋರು ಬಿಸಿ ತಾಗಿದರೆ ಅದರ ಪ್ರೋಟೀನ್ ಒಟ್ಟುಗೂಡಿ ನೀರು ಬಿಡುತ್ತದೆ. ಕ್ರೀಮಿನಲ್ಲಿ ಕೊಬ್ಬು ಅಡ್ಡ ನಿಂತು ಅದನ್ನು ತಡೆಯುತ್ತದೆ. ನಮ್ಮ ಸಾಸಿನಲ್ಲಿ ಆ ಕೆಲಸ ಮೈದಾದ್ದು.

ಮೈದಾವನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಹುರಿಯಿರಿ. ಬಣ್ಣ ಬದಲಾಗಬಾರದು, ಹಸಿ ವಾಸನೆ ಮಾತ್ರ ಹೋಗಬೇಕು. ತಣಿದ ಮೇಲೆ ಅದರಲ್ಲಿ ಒಂದು ಸಣ್ಣ ಚಮಚ ಬದಿಗಿಟ್ಟು, ಉಳಿದದ್ದನ್ನು ತಣ್ಣನೆ ಹಾಲಿಗೆ ಹಾಕಿ ಗಂಟಿಲ್ಲದಂತೆ ಕಲಕಿ. ಬದಿಗಿಟ್ಟ ಚಮಚ ಮೈದಾವನ್ನು ಗಟ್ಟಿ ಮೊಸರಿಗೆ ಹಾಕಿ ಕಡೆಗೋಲಿನಿಂದ ನಯವಾಗಿ ಕಡೆಯಿರಿ. ಮೊಸರು ಫ್ರಿಜ್ಜಿನಿಂದ ಹೊರಬಂದು ಅರ್ಧ ಗಂಟೆಯಾದರೂ ಆಗಿರಲಿ.

ಇನ್ನು ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಜೀರಿಗೆ ಪುಡಿ ಹಾಕಿ, ಒಂದೂವರೆ ಕಪ್ ಸ್ಟಾಕ್ ಸುರಿಯಿರಿ. ಇಲ್ಲಿ ತೆಂಗಿನೆಣ್ಣೆ ಬೇಡ. ನನಗೆ ಅದರ ಮೇಲೆ ಪ್ರೀತಿ ಜಾಸ್ತಿಯೇ, ಆದರೆ ಈ ಸಾಸಿನಲ್ಲಿ ಅದೊಂದೇ ಎದ್ದು ಕಾಣುತ್ತದೆ. ಕುದಿ ಬಂದಾಗ ಹಾಲು ಮೈದಾ ಮಿಶ್ರಣವನ್ನು ಒಂದು ಕೈಯಲ್ಲಿ ಹೊಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಿ. ಮೂರು ನಿಮಿಷದಲ್ಲಿ ನೀರು ದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ.

ಒಲೆ ಆರಿಸಿ. ಐದು ನಿಮಿಷ ಬಿಡಿ. ಬೆರಳು ಅದ್ದಿದರೆ ಬಿಸಿ ಅನ್ನಿಸಬೇಕು, ಸುಡಬಾರದು. ಒಂದು ಸೌಟು ಸಾಸನ್ನು ಮೊಸರಿಗೆ ಹಾಕಿ ಕಲಕಿ. ಇನ್ನೊಂದು ಸೌಟು. ಮತ್ತೊಂದು. ಮೊಸರಿಗೆ ಬಿಸಿ ಅಭ್ಯಾಸ ಆಗಬೇಕು. ಮೊಸರು ಸಡಿಲವಾಗಿ, ಹೊಳಪು ಬಂದ ಮೇಲೆ ಎಲ್ಲವನ್ನೂ ಬಾಣಲೆಗೆ ಸುರಿದು ತಿರುವಿ. ಸುಟ್ಟ ಮೆಣಸು, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ. ಸೌಟಿನ ಹಿಂಬದಿಗೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಉಪ್ಪು ಈಗ ನೋಡಿ, ಸ್ವಲ್ಪ ಕಡಿಮೆಯೇ ಇರಲಿ. ಚೀಸಿನಲ್ಲಿ ಉಪ್ಪಿದೆ.

ತುಂಬಿ ಸುತ್ತುವುದು

ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಹರಿವೆ ಹಾಕಿ ನೀರು ಪೂರ್ತಿ ಆರುವ ತನಕ ಹುರಿಯಿರಿ. ಹರಿವೆ ಜಾತಿಯ ಸೊಪ್ಪು ಮೆಕ್ಸಿಕೋದವರೂ ತಿನ್ನುತ್ತಾರೆ, ಹಾಗಾಗಿ ಇದು ಹೊರಗಿನ ಸೇರ್ಪಡೆ ಏನಲ್ಲ. ಕೆಂಪು ಹರಿವೆ ಹಾಕಿದರೆ ಸಾಸ್ ಗುಲಾಬಿ ಆಗುತ್ತದೆ, ಅದಕ್ಕೆ ಹಸಿರೇ ಇರಲಿ. ಬಿಡಿಸಿದ ಕೋಳಿ, ಹೆಚ್ಚಿದ ಸಾಂಬ್ರಾಣಿ ಎಲೆ, ನಿಂಬೆರಸ, ನಾಲ್ಕು ಚಮಚ ಸಾಸ್ ಸೇರಿಸಿ ಕಲಸಿ. ಒಳಗೆ ಚೀಸ್ ಬೇಡ. ನಾಲಿಗೆಗೆ ಮೊದಲು ತಾಗುವುದು ಮೇಲಿನ ಚೀಸ್, ಒಳಗಿನದು ಯಾರಿಗೂ ಗೊತ್ತಾಗುವುದಿಲ್ಲ.

ಅಲ್ಲಿನವರು ರೊಟ್ಟಿಯನ್ನು ಮೊದಲು ಎಣ್ಣೆಯಲ್ಲಿ ಅದ್ದಿ ಹುರಿಯುತ್ತಾರೆ. ಎಣ್ಣೆಯ ಪೊರೆ ಇದ್ದರೆ ಸಾಸ್ ಬೇಗ ಒಳಗಿಳಿದು ರೊಟ್ಟಿ ಕರಗುವುದಿಲ್ಲ ಅಂತ. ನಾವು ಬಾಳೆ ಎಲೆಯ ಚೂರಿನಿಂದ ಕಾವಲಿಗೆ ಎಣ್ಣೆ ಒರೆಸಿ, ಪ್ರತಿ ರೊಟ್ಟಿಯನ್ನು ಎರಡೂ ಬದಿ 15 ಸೆಕೆಂಡ್ ಬಿಸಿ ಮಾಡುವುದು. ಎಂಟಕ್ಕೂ ಸೇರಿ ಒಂದು ಚಮಚ ಎಣ್ಣೆ ಸಾಕು. ಬಿಸಿ ಮಾಡಿದ್ದನ್ನು ಆಗಲೇ ಸುತ್ತಿ. ಎಲ್ಲ ಬಿಸಿ ಮಾಡಿ ಆಮೇಲೆ ಸುತ್ತುತ್ತೇನೆ ಅಂದರೆ ಕೊನೆಯವು ಬಿರಿಯುತ್ತವೆ.

ಅಗಲ ಟ್ರೇಯ ತಳಕ್ಕೆ ಅರ್ಧ ಕಪ್ ಸಾಸ್ ಹರಡಿ. ಒಂದೊಂದು ರೊಟ್ಟಿಗೆ ಮೂರು ದೊಡ್ಡ ಚಮಚ ಕೋಳಿ ಇಟ್ಟು, ಬಿಗಿಯಾಗಿ ಸುತ್ತಿ, ತುದಿ ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಿ. ಉಳಿದ ಸಾಸ್ ಮೇಲೆ ಸುರಿದು, ಚೀಸ್ ತುರಿದು ಉದುರಿಸಿ. ತುರಿಯುವ ಮೊದಲು ಚೀಸನ್ನು 10 ನಿಮಿಷ ಫ್ರೀಜರಿನಲ್ಲಿಟ್ಟರೆ ಎಳೆ ಸಣ್ಣಗೆ ಬರುತ್ತದೆ, 60 ಗ್ರಾಂ ಇಡೀ ಟ್ರೇಗೆ ಸಾಕಾಗುತ್ತದೆ. ಮೊಜರೆಲ್ಲಾ ಅರ್ಧ, ಮಾಮೂಲಿ ಚೀಸ್ ಅರ್ಧ ನನಗೆ ಹಿಡಿಸಿದ ಪ್ರಮಾಣ.

ಬೇಯಿಸುವುದು

ಒಟಿಜಿ (ಕರೆಂಟಿನ ಸಣ್ಣ ಓವನ್) ಇದ್ದರೆ 180 ಡಿಗ್ರಿಗೆ 10 ನಿಮಿಷ ಮೊದಲೇ ಕಾಯಿಸಿ, ಟ್ರೇ ಇಟ್ಟು 20 ನಿಮಿಷ. ಕೊನೆಗೆ ಮೇಲಿನ ಕಾಯಿಲ್ ಮಾತ್ರ ಹಾಕಿ ಎರಡು ನಿಮಿಷ. ಅಂಚಿನಲ್ಲಿ ಸಾಸ್ ಗುಳುಗುಳು ಅಂದು, ಚೀಸ್ ಅಲ್ಲಲ್ಲಿ ಕಂದು ಚುಕ್ಕೆ ಬಿಟ್ಟರೆ ತೆಗೆಯಿರಿ. ಇನ್ನೂ ಇಟ್ಟರೆ ಸಾಸ್ ಒಡೆಯಬಹುದು.

ಒಟಿಜಿ ಇಲ್ಲದ ಮನೆಯಲ್ಲಿ ದಪ್ಪ ತಳದ ಅಗಲ ಪಾತ್ರೆಯಲ್ಲಿ ಜೋಡಿಸಿ, ಮುಚ್ಚಿ, ಕಬ್ಬಿಣದ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ 15 ನಿಮಿಷ ಇಡಿ. ಚೀಸ್ ಕರಗುತ್ತದೆ, ಕಂದು ಆಗುವುದಿಲ್ಲ. ಕಂದು ಬೇಕಾದರೆ ಅಜ್ಜಿಯಂದಿರ ಉಪಾಯ ಇದೆ, ಕೆಳಗೂ ಕೆಂಡ, ಮೇಲೂ ಕೆಂಡ. ಹೊಗೆ ಪೂರ್ತಿ ನಿಂತ ಗೆರಟೆ (ತೆಂಗಿನ ಚಿಪ್ಪು) ಕೆಂಡವನ್ನು ಕಬ್ಬಿಣದ ಮುಚ್ಚಳದ ಮೇಲೆ ಹರಡಿ ಐದು ನಿಮಿಷ ಬಿಡಿ. ಇದನ್ನು ಹೊರಗಿನ ಒಲೆಯಲ್ಲೇ ಮಾಡಿ, ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಕೆಂಡ ಇಡಬೇಡಿ. ನಮ್ಮ ಮೂರನೇ ಟ್ರೇ ಆಗುವಾಗ ಕರೆಂಟ್ ಹೋಗಿತ್ತು, ಹೀಗೇ ಮಾಡಿದೆವು. ಗೆರಟೆಯ ನವಿರು ಹೊಗೆ ಪರಿಮಳ ಮೇಲಿನ ಚೀಸಿಗೆ ಹಿಡಿದಿತ್ತು. ತಮ್ಮನ ಮಗಳು ಇವತ್ತಿಗೂ ಆ ಟ್ರೇಯನ್ನೇ ಕೇಳುತ್ತಾಳೆ.

ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಸಾಸ್ ಕೂತು ಗಟ್ಟಿಯಾದ ಮೇಲೆ ಸುರುಳಿ ಮುರಿಯದೆ ಏಳುತ್ತದೆ. ಪಕ್ಕಕ್ಕೆ ಮುಳ್ಳುಸೌತೆ, ಈರುಳ್ಳಿ ಹೆಚ್ಚಿ ನಿಂಬೆ ಹಿಂಡಿದರೆ ಸಾಕು. ಅನ್ನ ಬೇಡ.

ಅಮ್ಮ ಎರಡನೆಯ ಸುರುಳಿ ಅರ್ಧ ತಿಂದು ತಟ್ಟೆ ನೋಡುತ್ತಾ, "ಇದಕ್ಕೆ ಬೆಣ್ಣೆ ಹಾಕಿದ್ದಿ ಅಲ್ವಾ?" ಅಂದರು. ಹಾಕಿಲ್ಲ ಅಂದರೆ ನಂಬಲಿಲ್ಲ. ಸಾಸ್ ಬಾಣಲೆ ತಂದು ತೋರಿಸಬೇಕಾಯಿತು. ಬಿಸಿನೀರು ಹೊಯ್ದ ಕೂಡಲೇ ಜಿಡ್ಡಿಲ್ಲದೆ ತೊಳೆದು ಹೋಯಿತು.

ಇಟ್ಟುಕೊಳ್ಳುವುದು

ಕೋಳಿ, ಮೊಸರು ಎರಡೂ ಇರುವ ಅಡುಗೆ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಏಪ್ರಿಲ್, ಮೇ ಸೆಕೆಯಲ್ಲಿ ಒಂದೇ ಗಂಟೆ. ಮುಂಚೆ ತಯಾರಿ ಮಾಡುವುದಾದರೆ ಕೋಳಿ ಬೇರೆ, ಸಾಸ್ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿ. ಸುತ್ತಿ ಸಾಸ್ ಸುರಿದು ರಾತ್ರಿಯಿಡೀ ಇಟ್ಟರೆ ರೊಟ್ಟಿ ಗಂಜಿಯಾಗುತ್ತದೆ. ಉಳಿದ ಸುರುಳಿಗಳನ್ನು ಮರುದಿನ ಬಿಸಿ ಮಾಡುವಾಗ ಎರಡು ಚಮಚ ಸ್ಟಾಕನ್ನೋ ಹಾಲನ್ನೋ ಸುತ್ತ ಹಾಕಿ, ಮುಚ್ಚಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲೇ ಇಡಿ. ಹಬೆ ಎದ್ದು ಒಳಗಿನ ಕೋಳಿಯ ತನಕ ಚೆನ್ನಾಗಿ ಬಿಸಿಯಾಗಬೇಕು, ಸಾಸ್ ಮಾತ್ರ ಕೊತಕೊತ ಕುದಿಯಬಾರದು.